ನಿಮಗಿದು ಗೊತ್ತೇ? ರೇಸ್ ಇಳಿಸಿದರೆ ಕಿಸೆಗೂ ಲಾಭ, ಕಿವಿಗೂ ಲಾಭ!

ಟ್ರ್ಯಾಕ್ಟರ್‌ಗೆ ಒಂದು ಲೀಟರ್ ಡೀಸೆಲ್ ಹಾಕಿದಿರಿ. ಅದರಲ್ಲಿ ಹೊಲದ ಕೆಲಸಕ್ಕೆ ಒದಗಿದ್ದೆಷ್ಟು? ಎಂಜಿನ್ ಎಷ್ಟೇ ಚೆನ್ನಾಗಿರಲಿ, ಸುಮಾರು ಮೂರನೇ ಒಂದು ಪಾಲು ಮಾತ್ರ! ಉಳಿದ ಎರಡು ಪಾಲು ಸೈಲೆನ್ಸರ್‌ನ ಬಿಸಿ ಹೊಗೆಯಾಗಿ, ರೇಡಿಯೇಟರ್‌ನ ಬಿಸಿ ಗಾಳಿಯಾಗಿ ಹೊರಟುಹೋಗುತ್ತದೆ. ಆಳಂದದ ಏಪ್ರಿಲ್ ಬಿಸಿಲು ಸಾಲದೆಂದು ನಾವೇ ದುಡ್ಡು ಕೊಟ್ಟು ಇನ್ನಷ್ಟು ಬಿಸಿ ಮಾಡುತ್ತಿದ್ದೇವೆ!

ಹಾಗಂತ ಆ ಒಂದು ಪಾಲನ್ನು ಹಗುರವಾಗಿ ಎಣಿಸಬೇಡಿ. ಒಂದು ಜೋಡಿ ಎತ್ತಿನ ಶಕ್ತಿ ಹೆಚ್ಚೂಕಡಿಮೆ ಒಂದು ಎಚ್‌ಪಿ. ಒಂದು ಲೀಟರ್ ಡೀಸೆಲ್ ಮಾಡಿಕೊಡುವ ಕೆಲಸವನ್ನು ಆ ಜೋಡಿ ಮಾಡಬೇಕಾದರೆ ಸುಮಾರು ನಾಲ್ಕು ತಾಸು ನಿಲ್ಲದೆ ಎಳೆಯಬೇಕು. ಒಂದೇ ಒಂದು ಲೀಟರ್!

ಇನ್ನೊಂದು ಕೇಳಿ. ಆ ಒಂದು ಲೀಟರ್ ಡೀಸೆಲ್ ಉರಿಯಲು ಎಂಜಿನ್‌ಗೆ ಎಷ್ಟು ಗಾಳಿ ಬೇಕು? ಕಡಿಮೆಯೆಂದರೂ 10,000 ಲೀಟರ್! ಅಂದರೆ ನಿಮ್ಮ ಟ್ರ್ಯಾಕ್ಟರ್ ಕುಡಿಯುವುದು ಚೂರು ಡೀಸೆಲ್, ಉಸಿರಾಡುವುದು ಕೋಣೆಗಟ್ಟಲೆ ಗಾಳಿ. ಅಫಜಲಪುರದ ಎರೆ ಹೊಲದಲ್ಲಿ ಬೇಸಿಗೆಯ ದೂಳು ಏಳುವಾಗ ಏರ್ ಫಿಲ್ಟರ್ ಕಟ್ಟಿಕೊಂಡರೆ ಅದಕ್ಕೆ ಉಸಿರೇ ಸಿಗುವುದಿಲ್ಲ. ಆಗ ಡೀಸೆಲ್ ಅರೆಬರೆ ಉರಿದು ಕರಿ ಹೊಗೆಯಾಗುತ್ತದೆ. ಕರಿ ಹೊಗೆ ಎಂದರೆ ಬೇರೇನಲ್ಲ, ನೀವು ಬಂಕಿನಲ್ಲಿ ದುಡ್ಡು ಕೊಟ್ಟು ತಂದ ಇಂಧನವೇ!

ಹೊಗೆಯ ಲೆಕ್ಕ ಇನ್ನೂ ವಿಚಿತ್ರ. ಒಂದು ಲೀಟರ್ ಡೀಸೆಲ್‌ನ ತೂಕ ಒಂದು ಕಿಲೋ ಕೂಡ ಇಲ್ಲ, ಸುಮಾರು 830 ಗ್ರಾಂ. ಅದು ಉರಿದು ಹೊರಬರುವ ಇಂಗಾಲದ ಡೈಆಕ್ಸೈಡ್ ಮಾತ್ರ ಎರಡೂವರೆ ಕಿಲೋಗಿಂತ ಹೆಚ್ಚು! ಹಾಕಿದ್ದಕ್ಕಿಂತ ಮೂರು ಪಟ್ಟು ತೂಕ ಹೊರಗೆ ಹೇಗೆ ಬಂತು? ಗಾಳಿಯ ಆಮ್ಲಜನಕವೂ ಸೇರಿಕೊಂಡಿತು, ಅಷ್ಟೇ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗೇ ಇಲ್ಲ, ಗೊತ್ತೇ? ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿದರೆ ಸಾಕು, ಅದೇ 500 ಡಿಗ್ರಿ ದಾಟಿ ಕಾಯುತ್ತದೆ. ಅದರೊಳಗೆ ಡೀಸೆಲ್ ಚಿಮ್ಮಿದೊಡನೆ ಭುಗ್! ನಿಮ್ಮ ಕಿವಿಗೆ ಬೀಳುವ ಆ ಟಕಟಕ ಸದ್ದಿನ ಬಹುಪಾಲು ಈ ಒಳಗಿನ ಸ್ಫೋಟದ್ದೇ. ರೇಸ್ ಹೆಚ್ಚಿದಂತೆ ನಿಮಿಷಕ್ಕೆ ಸ್ಫೋಟಗಳೂ ಹೆಚ್ಚು, ಸದ್ದೂ ಹೆಚ್ಚು, ಕುಡಿಯುವ ಡೀಸೆಲ್ಲೂ ಹೆಚ್ಚು.

ಈಗ ಬನ್ನಿ ಹುಲ್ಲಿನ ವಿಷಯಕ್ಕೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಟ್ರ್ಯಾಕ್ಟರ್ ಕಟ್ಟಿ ಹುಲ್ಲುಗಾವಲು ಕತ್ತರಿಸುವವರು ಕಡಿಮೆ. ಗಾಯರಾಣಕ್ಕೆ ದನ ಹೊಡೆಯುತ್ತೇವೆ, ಬದುವಿನ ಹುಲ್ಲನ್ನು ಕುಡಗೋಲಿನಿಂದ ಕೊಯ್ಯುತ್ತೇವೆ. ಆದರೆ ನೇಪಿಯರ್ ಹುಲ್ಲು, ಮೇವಿನ ಜೋಳ ಬೆಳೆಯುವ ಹೈನುಗಾರರ ಹೊಲಕ್ಕೆ ಕತ್ತರಿಸುವ ಯಂತ್ರ ಬರತೊಡಗಿದೆ. ತೊಗರಿ ರಾಶಿ ಮಾಡುವ ಯಂತ್ರವಂತೂ ಊರೂರಲ್ಲಿದೆ. ಇವಕ್ಕೆಲ್ಲ ಜೀವ ಕೊಡುವುದು ಟ್ರ್ಯಾಕ್ಟರ್ ಹಿಂದಿನ ಗಿರಗಿರ ತಿರುಗುವ ಪಿಟಿಒ ಶಾಫ್ಟ್.

ಆ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗಬೇಕೆಂಬ ಲೆಕ್ಕ ಇಂದು ನಿನ್ನೆಯದಲ್ಲ. 1920ರ ದಶಕದಲ್ಲಿ ಅಮೆರಿಕದ ಕೃಷಿ ಎಂಜಿನಿಯರುಗಳು ಕೂತು ಗೊತ್ತುಮಾಡಿದ್ದು! ನೂರು ವರ್ಷವಾಗುತ್ತ ಬಂದರೂ ಜೇವರ್ಗಿಯ ರಾಶಿ ಯಂತ್ರ ಅದೇ ಸಂಖ್ಯೆಗೆ ತಿರುಗುತ್ತಿದೆ.

540 ಅಂದರೆ ಸೆಕೆಂಡಿಗೆ 9 ಸುತ್ತು. ಶಾಫ್ಟಿಗೆ ಧೋತರದ ಚುಂಗೋ, ಹೆಗಲ ಮೇಲಿನ ಟವೆಲ್ಲೋ ತಗುಲಿದರೆ ಒಂದೇ ಸೆಕೆಂಡಿನಲ್ಲಿ ಸುಮಾರು 2 ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ‘ಅಯ್ಯೋ’ ಎನ್ನುವಷ್ಟೂ ಹೊತ್ತಿಲ್ಲ! ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ಕಿತ್ತೆಸೆಯುವವರು ಇದನ್ನು ಎರಡು ಸಲ ಓದಲಿ.

ಸರಿ, 540 ಸುತ್ತು ಬೇಕೇ ಬೇಕು ಅಂದರೆ ಎಂಜಿನ್‌ಗೂ ಫುಲ್ ರೇಸ್ ಕೊಡಲೇಬೇಕೇ? ಇಲ್ಲ! ಈಗಿನ ಕೆಲವು ಟ್ರ್ಯಾಕ್ಟರ್‌ಗಳಲ್ಲಿ ‘ಎಕಾನಮಿ ಪಿಟಿಒ’ ಎಂಬ ಇನ್ನೊಂದು ಗೇರ್ ಇರುತ್ತದೆ. ಎಂಜಿನ್ ನಿಧಾನಕ್ಕೆ ತಿರುಗಿದರೂ ಶಾಫ್ಟ್ ಮಾತ್ರ ಪೂರ್ತಿ 540! ಹುಲ್ಲು ಕತ್ತರಿಸುವಂಥ ಹಗುರ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಎಷ್ಟೋ ಮಂದಿ ಆ ಲಿವರ್ ಇರುವ ಟ್ರ್ಯಾಕ್ಟರ್ ಕೊಂಡು, ಅದನ್ನು ಒಂದು ಸಲವೂ ಮುಟ್ಟದೆ ಓಡಿಸುತ್ತಾರೆ. ನಿಮ್ಮ ಗಾಡಿಯ ಕೈಪಿಡಿ ತೆರೆದು ನೋಡಿ, ಇದ್ದರೂ ಇರಬಹುದು!

ಆ ಗೇರ್ ಇಲ್ಲದವರಿಗೂ ದಾರಿಯಿದೆ. ಶಾಫ್ಟಿನ ಕೆಲಸವಿಲ್ಲದೆ ಕುಂಟೆ, ಟ್ರಾಲಿಯಂಥ ಹಗುರ ಎಳೆತಕ್ಕೆ ಗೇರ್ ಒಂದು ಮೇಲೆ ಹಾಕಿ, ಹ್ಯಾಂಡ್ ರೇಸ್ ಇಳಿಸಿ. ಟ್ರ್ಯಾಕ್ಟರ್ ಅದೇ ವೇಗದಲ್ಲಿ ಹೋಗುತ್ತದೆ, ಕೆಲಸವೂ ಅಷ್ಟೇ ಆಗುತ್ತದೆ. ಎಂಜಿನ್‌ನ ಅರ್ಧ ಶಕ್ತಿ ಬೇಡುವ ಕೆಲಸಗಳಲ್ಲಿ ಇಷ್ಟರಿಂದಲೇ ನೂರಕ್ಕೆ ಹದಿನೈದು ಇಪ್ಪತ್ತರಷ್ಟು ಡೀಸೆಲ್ ಉಳಿಯುವುದುಂಟು! ಒಂದು ರೂಪಾಯಿಯ ಸಾಮಾನು ಕೊಳ್ಳಬೇಕಿಲ್ಲ. ಎಂಜಿನ್ ಮುಕ್ಕರಿದರೆ, ಕರಿ ಹೊಗೆ ಉಗುಳಿದರೆ ಮಾತ್ರ ಅತಿಯಾಯಿತೆಂದು ತಿಳಿದು ಒಂದು ಗೇರ್ ಇಳಿಸಿ.

ಹಳೆಯ ಟ್ರ್ಯಾಕ್ಟರ್‌ನ ತಾಸಿನ ಮೀಟರ್ ನಿಜವಾದ ಗಡಿಯಾರವೇ ಅಲ್ಲ ಎಂದರೆ ನಂಬುತ್ತೀರಾ? ಅದು ಎಣಿಸುವುದು ಎಂಜಿನ್‌ನ ಸುತ್ತುಗಳನ್ನು! ಕಂಪನಿ ಹೇಳಿದ ರೇಸ್‌ನಲ್ಲಿ ಓಡಿದರೆ ಮಾತ್ರ ಮೀಟರಿನ ತಾಸೂ ಕೈಗಡಿಯಾರದ ತಾಸೂ ಒಂದೇ. ರೇಸ್ ಇಳಿಸಿದರೆ ಮೀಟರ್ ಹಿಂದೆ ಬೀಳುತ್ತದೆ. ತಾಸಿನ ಲೆಕ್ಕದ ಬಾಡಿಗೆಗೆ ಕರೆಯುವಾಗ ಯಾವ ತಾಸು ಎಂದು ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ!

ಇನ್ನು ಕತ್ತರಿಸುವ ಯಂತ್ರಗಳ ಗುಟ್ಟು. ಹುಲ್ಲು ಕತ್ತರಿಸಲು ಎರಡು ಬಗೆ. ಒಂದು, ಕತ್ತರಿಯಂತೆ ಆಚೆ ಈಚೆ ಆಡುವ ಹಲ್ಲಿನ ಪಟ್ಟಿ. ಇನ್ನೊಂದು, ಗರಗರ ತಿರುಗಿ ಹುಲ್ಲಿಗೆ ಬಡಿಯುವ ಬ್ಲೇಡು. ಒಂದೇ ಅಗಲಕ್ಕೆ ತಿರುಗುವ ಡಿಸ್ಕ್ ಯಂತ್ರ ತಿನ್ನುವ ಶಕ್ತಿಯಲ್ಲಿ ಕಾಲು ಪಾಲು ಸಾಕು ಹಲ್ಲಿನ ಪಟ್ಟಿಗೆ! ಹುಲ್ಲನ್ನು ಪುಡಿ ಮಾಡಿ ಉಗುಳುವ ಯಂತ್ರಕ್ಕಂತೂ ಡಿಸ್ಕಿನ ಎರಡರಷ್ಟು ಬೇಕು. ಹಾಗಿದ್ದರೂ ಜನ ತಿರುಗುವುದನ್ನೇ ಏಕೆ ಕೊಳ್ಳುತ್ತಾರೆ? ಅದು ಬೇಗ ಮುಗಿಸುತ್ತದೆ, ಸಣ್ಣ ಕಲ್ಲಿಗೆಲ್ಲ ಕೆಟ್ಟು ಕೂರುವುದಿಲ್ಲ. ಕಲ್ಲಿಲ್ಲದ ಹಸನಾದ ಮೇವಿನ ಹೊಲವಾದರೆ ನನ್ನ ಓಟು ಹಲ್ಲಿನ ಪಟ್ಟಿಗೇ.

ತಿರುಗುವ ಬ್ಲೇಡಿನ ತುದಿ ಎಷ್ಟು ವೇಗದಲ್ಲಿ ಓಡುತ್ತದೆ, ಊಹಿಸಿ. ತಾಸಿಗೆ 250 ಕಿ.ಮೀ. ದಾಟುವುದು ಸಾಮಾನ್ಯ! ಕಲಬುರಗಿಯಿಂದ ಬೆಂಗಳೂರಿಗೆ ಓಡುವ ವಂದೇ ಭಾರತ್ ರೈಲಿಗೂ ಅಷ್ಟು ವೇಗವಿಲ್ಲ. ಅದಕ್ಕೇ ಅದರ ಬಳಿ ಮಕ್ಕಳನ್ನು ಬಿಡಬಾರದು. ಬ್ಲೇಡಿಗೆ ಸಿಕ್ಕ ಹರಳುಕಲ್ಲು ಗುಂಡಿನ ಹಾಗೆ ಹಾರುತ್ತದೆ.

ಈ ಯಂತ್ರದ ಕರ್ಕಶ ಸದ್ದು ಬರುವುದು ಹುಲ್ಲಿನಿಂದಷ್ಟೇ ಅಂದುಕೊಂಡಿರಾ? ಬಹುಪಾಲು ಸದ್ದು ಬ್ಲೇಡು ಗಾಳಿಯನ್ನು ಸೀಳುವುದರಿಂದ! ಗಾಳಿ ಕಲಕಲು ತಗಲುವ ಶಕ್ತಿಯ ಲೆಕ್ಕ ಇನ್ನೂ ಮೋಜಿನದು. ಬ್ಲೇಡಿನ ವೇಗ ಐದನೇ ಒಂದು ಪಾಲು ಇಳಿದರೆ, ಗಾಳಿಗೆ ಹೋಗುವ ಶಕ್ತಿ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ! ಆದರೆ ಇದಕ್ಕೊಂದು ಷರತ್ತು: ಬ್ಲೇಡು ಚೂಪಾಗಿರಬೇಕು. ಮೊಂಡು ಬ್ಲೇಡು ನಿಧಾನವಾದರೆ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿದು ಮಲಗಿಸುತ್ತದೆ. ಮಸೆಯುವ ಕಲ್ಲಿಗೆ ಕೊಟ್ಟ ಅರ್ಧ ತಾಸು ಡೀಸೆಲ್ ಡಬ್ಬಿಯಲ್ಲಿ ವಾಪಸು ಬರುತ್ತದೆ.

ಹುಲ್ಲು ಕತ್ತರಿಸಿದಾಗ ಬರುವ ಆ ಹಸಿ ವಾಸನೆ ನಮಗೆಷ್ಟು ಹಿತ! ಅದು ಪೆಟ್ಟು ಬಿದ್ದ ಎಲೆ ಹೊರಗೆ ಬಿಡುವ ರಾಸಾಯನಿಕ. ಹುಳು ಕಡಿದಾಗಲೂ ಗಿಡ ಅಂಥದ್ದನ್ನೇ ಬಿಡುತ್ತದೆ. ಅದನ್ನು ಮೂಸಿ ಆ ಹುಳುಗಳ ವೈರಿಗಳಾದ ಸಣ್ಣ ಕಣಜಗಳು ಹುಡುಕಿಕೊಂಡು ಬರುವುದೂ ಉಂಟು!

ಹಸಿ ಮೇವು ತುಂಬಿದ ಟ್ರಾಲಿಯಲ್ಲಿ ನೀವು ನಿಜಕ್ಕೂ ಸಾಗಿಸುತ್ತಿರುವುದೇನು? ನೀರು! ಎಳೆ ನೇಪಿಯರ್ ಹುಲ್ಲಿನಲ್ಲಿ ನೂರಕ್ಕೆ 80 ಪಾಲು ನೀರೇ. ಕತ್ತರಿಸಿ ಹೊಲದಲ್ಲೇ ಬಾಡಲು ಬಿಟ್ಟು ನೀರು 60 ಪಾಲಿಗೆ ಇಳಿಯಿತೆನ್ನಿ. ಟನ್ ಇದ್ದ ಹೊರೆ ಅರ್ಧ ಟನ್ ಆಗುತ್ತದೆ! ದನಕ್ಕೆ ಸಿಗುವ ಒಣ ಮೇವಿನ ಅಂಶ ಹೆಚ್ಚೂಕಡಿಮೆ ಅಷ್ಟೇ. ದೂರ ಸಾಗಿಸುವುದಿದ್ದರೆ ಈ ಲೆಕ್ಕ ಹಾಕಿ. ಜೋಳದ ಕಣಕಿಯನ್ನು ಹೊಲದಲ್ಲೇ ಒಣಗಿಸಿ, ಆಮೇಲೆ ತಂದು ಬಣವಿ ಒಟ್ಟುವ ನಮ್ಮ ಹಿರಿಯರು ಬಿಸಿಲಿಗೆ ಪುಕ್ಕಟೆ ಕೆಲಸ ಹಚ್ಚಿದ್ದರು.

ಡೀಸೆಲ್ಲೇ ಬೇಡದ, ಸದ್ದೇ ಮಾಡದ ಹುಲ್ಲು ಕತ್ತರಿಸುವ ಯಂತ್ರ ಅಮೆರಿಕದ ಶ್ವೇತಭವನದಲ್ಲಿತ್ತು, ಗೊತ್ತೇ? ಕುರಿ! ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಅಧ್ಯಕ್ಷ ವುಡ್ರೋ ವಿಲ್ಸನ್ ಅಂಗಳದ ಹುಲ್ಲು ಮೇಯಲು ಕುರಿ ಬಿಡಿಸಿದರು. ಆಳುಗಳು ಯುದ್ಧದ ಕೆಲಸಕ್ಕೆ ಉಳಿದರು, ಉಣ್ಣೆ ಹರಾಜಾಗಿ ರೆಡ್ ಕ್ರಾಸ್‌ಗೆ ದುಡ್ಡು ಬಂತು! ನಮ್ಮ ಕುರಿಗಾರರಿಗೆ ಇದರಲ್ಲೇನೂ ಬೆರಗಿಲ್ಲ. ರಾಶಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸಿ ಹುಲ್ಲನ್ನೂ ತೆಗೆಸಿ, ಗೊಬ್ಬರವನ್ನೂ ಹಾಕಿಸುವುದು ಈ ಭಾಗದ ಹಳೆಯ ರೂಢಿ.

ಅಮೆರಿಕದ್ದೇ ಇನ್ನೊಂದು ಕತೆ. ನೆಬ್ರಾಸ್ಕಾದ ರೈತ ವಿಲ್ಮಟ್ ಕ್ರೋಜರ್ ‘ಫೋರ್ಡ್’ ಎಂಬ ಹೆಸರು ನೋಡಿ ಒಂದು ಟ್ರ್ಯಾಕ್ಟರ್ ಕೊಂಡ. ಅದು ಹೆನ್ರಿ ಫೋರ್ಡ್‌ನ ಟ್ರ್ಯಾಕ್ಟರೇ ಅಲ್ಲ! ಮಿನಿಯಾಪೊಲಿಸ್‌ನ ಒಂದು ಕಂಪನಿ ಫೋರ್ಡ್ ಎಂಬ ಅಡ್ಡಹೆಸರಿನವನೊಬ್ಬನನ್ನು ಹಿಡಿದು ತಂದು ಆ ಹೆಸರಿಟ್ಟುಕೊಂಡಿತ್ತು. ಗಾಡಿ ಕೈಕೊಟ್ಟಿತು. ಕ್ರೋಜರ್ ಸುಮ್ಮನೆ ಕೂರಲಿಲ್ಲ. ಶಾಸಕನೂ ಆಗಿದ್ದ ಆತ 1919ರಲ್ಲಿ ಕಾನೂನನ್ನೇ ತಂದ. ಪರೀಕ್ಷೆಯಲ್ಲಿ ಪಾಸಾಗದ ಮಾದರಿಯ ಟ್ರ್ಯಾಕ್ಟರನ್ನು ನೆಬ್ರಾಸ್ಕಾದಲ್ಲಿ ಮಾರುವಂತಿಲ್ಲ! ಹೆನ್ರಿ ಫೋರ್ಡ್ ತನ್ನ ಟ್ರ್ಯಾಕ್ಟರ್‌ಗೆ ‘ಫೋರ್ಡ್‌ಸನ್’ ಎಂದು ಹೆಸರಿಡಬೇಕಾಗಿ ಬಂದದ್ದೂ ಈ ಗೊಂದಲದಲ್ಲೇ.

ನಮ್ಮಲ್ಲೂ ಅಂಥ ಪರೀಕ್ಷಾ ಕೇಂದ್ರವಿದೆ, ಮಧ್ಯಪ್ರದೇಶದ ಬುಧನಿಯಲ್ಲಿ. ಅಲ್ಲಿ ಡೀಸೆಲ್ ಎಷ್ಟು ಕುಡಿಯುತ್ತದೆ ಎಂಬುದರ ಜೊತೆಗೆ ಚಾಲಕನ ಕಿವಿಯ ಬಳಿ ಎಷ್ಟು ಸದ್ದು ಎಂಬುದನ್ನೂ ಅಳೆಯುತ್ತಾರೆ! ಟ್ರ್ಯಾಕ್ಟರ್ ಕೊಳ್ಳುವಾಗ ಬಣ್ಣ, ಬಂಪರ್, ಹಾಡಿನ ಬಾಕ್ಸ್ ವಿಚಾರಿಸುವ ನಾವು ಆ ವರದಿಯ ಬಗ್ಗೆ ಡೀಲರನ್ನು ಕೇಳಿದ್ದುಂಟೇ?

ಸದ್ದಿನ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. ಒಂದು ಟ್ರ್ಯಾಕ್ಟರ್ ಪಕ್ಕ ಅಂಥದ್ದೇ ಇನ್ನೊಂದನ್ನು ಚಾಲೂ ಮಾಡಿದರೆ ಸದ್ದು ಎರಡು ಪಟ್ಟು ಕೇಳಿಸುತ್ತದೆಯೇ? ಇಲ್ಲ, ಬರೀ 3 ಡೆಸಿಬೆಲ್ ಏರುತ್ತದೆ. ನಮ್ಮ ಕಿವಿಗೆ ಸದ್ದು ‘ಎರಡು ಪಟ್ಟು’ ಅನ್ನಿಸಬೇಕಾದರೆ ಒಟ್ಟು ಹತ್ತು ಟ್ರ್ಯಾಕ್ಟರ್ ಬೇಕು!

ಇದರಲ್ಲೇ ಮೋಸವಿದೆ. ಕಿವಿಗೆ ಸ್ವಲ್ಪವೇ ಅನ್ನಿಸಿದ ಆ 3 ಡೆಸಿಬೆಲ್ ಒಳಗೆ ಮಾಡುವ ಹಾನಿ ಸ್ವಲ್ಪವಲ್ಲ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು. 88 ಆದರೆ ನಾಲ್ಕೇ ತಾಸು. 91 ಆದರೆ ಎರಡು. 94 ಆದರೆ ಒಂದೇ ತಾಸು! ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಫುಲ್ ರೇಸ್‌ನಲ್ಲಿದ್ದರೆ ಚಾಲಕನ ಕಿವಿಯ ಬಳಿ 90 ದಾಟುವುದು ಸಾಮಾನ್ಯ. ಸುಗ್ಗಿಯಲ್ಲಿ ಹತ್ತು ತಾಸು ಅದರ ಮೇಲೆ ಕೂರುವವರು ನಮ್ಮ ನಡುವೆ ಎಷ್ಟಿಲ್ಲ!

ಅದರ ಮೇಲೆ ಹಾಡು ಬೇರೆ! ಎಂಜಿನ್ ಸದ್ದಿನಲ್ಲಿ ಹಾಡು ಕೇಳಬೇಕಾದರೆ ಅದನ್ನೂ ಮೀರಿಸಿ ಹಚ್ಚಬೇಕು. ಕಬ್ಬಿನ ಹಂಗಾಮಿನಲ್ಲಿ ಹಾವಳಗಾ, ಭೂಸನೂರ ಕಾರ್ಖಾನೆಗಳ ದಾರಿ ಹಿಡಿದರೆ ಟ್ರ್ಯಾಕ್ಟರ್ ಬರುವ ಮೊದಲೇ ಅದರ ಹಾಡು ಬಂದಿರುತ್ತದೆ. ಶಬ್ದ ಮಾಲಿನ್ಯದ ನಿಯಮಗಳು 2000ನೇ ಇಸವಿಯಿಂದಲೇ ಇವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಗಿನ 6. ಎಂಜಿನ್ ಕೂಗನ್ನು ತಗ್ಗಿಸಿದವನಿಗೆ ಹಾಡನ್ನೂ ಅಷ್ಟು ಜೋರಾಗಿ ಹಚ್ಚುವ ಅಗತ್ಯ ಬೀಳುವುದಿಲ್ಲ!

ಕಿವಿಯ ಒಳಗೆ ಸದ್ದನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳು ಸುಮಾರು 15,000. ಒಮ್ಮೆ ಸತ್ತರೆ ಮನುಷ್ಯನಿಗೆ ಮತ್ತೆ ಹುಟ್ಟುವುದಿಲ್ಲ. ಆದರೆ ಕೋಳಿಗೆ ಹುಟ್ಟುತ್ತವೆ! 1988ರಲ್ಲಿ ವಿಜ್ಞಾನಿಗಳು ಕೋಳಿಮರಿಗಳಲ್ಲಿ ಇದನ್ನು ಕಂಡು ದಂಗಾದರು. ನಿಮ್ಮ ಹಿತ್ತಲಿನ ಕೋಳಿಗಿರುವ ಭಾಗ್ಯ ನಿಮಗಿಲ್ಲ, ನೋಡಿಕೊಳ್ಳಿ!

ಕಿವಿಗೆ ಹತ್ತಿ ತುರುಕಿಕೊಳ್ಳುವವರಿಗೊಂದು ಮಾತು. ಸದ್ದು ತಡೆಯಲು ಹತ್ತಿ ಹೆಚ್ಚು ಉಪಯೋಗವಿಲ್ಲ. ಒತ್ತಿ ಹಾಕಿಕೊಳ್ಳುವ ಫೋಮ್ ಬೆಣೆ ಸಿಗುತ್ತದೆ. ಕೆಲವೇ ರೂಪಾಯಿ, ಸರಿಯಾಗಿ ಹಾಕಿಕೊಂಡರೆ 20 ಡೆಸಿಬೆಲ್‌ವರೆಗೂ ಕಡಿಮೆ!

ಮಶೀನ್ ಗನ್ ಕಂಡುಹಿಡಿದ ಹಿರಾಮ್ ಮ್ಯಾಕ್ಸಿಮ್ ಅದರ ಸದ್ದು ಕೇಳಿ ಕೇಳಿ ಕಿವುಡನಾದ. ಅವನ ಮಗ ಹಿರಾಮ್ ಪರ್ಸಿ ಏನು ಮಾಡಿದ ಗೊತ್ತೇ? ಬಂದೂಕಿನ ಸೈಲೆನ್ಸರ್! 1909ರಲ್ಲಿ ಪೇಟೆಂಟೂ ಸಿಕ್ಕಿತು. ಗಾಡಿಗಳ ಎಂಜಿನ್‌ಗೂ ಅದೇ ಉಪಾಯದ ಸೈಲೆನ್ಸರ್ ಮಾಡಿದ. ತೂತು ಬಿದ್ದ ಸೈಲೆನ್ಸರನ್ನು ಹಾಗೇ ಬಿಟ್ಟು ‘ಗಾಡಿಗೆ ದಮ್ಮು ಬಂತು’ ಎನ್ನುವವರಿದ್ದಾರೆ. ಬಂದದ್ದು ದಮ್ಮಲ್ಲ, ಬರೀ ಗದ್ದಲ!

ಚಳಿಗಾಲದ ರಾತ್ರಿ ಕಟ್ಟಿ ಸಂಗಾವಿ ಸೇತುವೆಯಾಚೆಯ ಟ್ರ್ಯಾಕ್ಟರ್ ಪಕ್ಕದ ಹೊಲದಲ್ಲೇ ಇದ್ದಂತೆ ಕೇಳಿಸುವುದು ಏಕೆ? ರಾತ್ರಿ ನೆಲದ ಬಳಿಯ ಗಾಳಿ ತಂಪು, ಮೇಲಿನದು ಬೆಚ್ಚಗೆ. ಮೇಲೆ ಹೊರಟ ಸದ್ದು ಬಾಗಿ ಮತ್ತೆ ನೆಲಕ್ಕೇ ಬರುತ್ತದೆ! ಹಗಲು ಇದೇ ಸದ್ದು ಆಕಾಶಕ್ಕೆ ಹೋಗಿಬಿಡುತ್ತಿತ್ತು.

‘ನಸುಕಿನಲ್ಲೇ ಡೀಸೆಲ್ ಹಾಕಿಸಿದರೆ ಹೆಚ್ಚು ಸಿಗುತ್ತದೆ’ ಎಂಬ ಮಾತು ಕೇಳಿದ್ದೀರಲ್ಲ? ಬಂಕಿನ ಟ್ಯಾಂಕ್ ನೆಲದೊಳಗಿರುತ್ತದೆ. ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬಿಸಿಯಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಆರಾಮಾಗಿ ಮಲಗಿ!

‘ನಮ್ಮದು ಬಿಸಿಲೂರು’ ಎಂದು ಎಂಜಿನ್‌ನ ಥರ್ಮೋಸ್ಟಾಟ್ ಕಿತ್ತುಹಾಕಿಸುವವರುಂಟು. ತಪ್ಪು! ಡೀಸೆಲ್ ಎಂಜಿನ್‌ಗೆ 80–90 ಡಿಗ್ರಿಯ ಹದವೇ ಇಷ್ಟ. ಅದಕ್ಕಿಂತ ತಂಪಾದರೆ ಡೀಸೆಲ್ ಹೆಚ್ಚು ತಿನ್ನುತ್ತದೆ, ಬೇಗ ಸವೆಯುತ್ತದೆ.

ಹಿಂದಿನ ಗಾಲಿ ಜಾರುತ್ತಿದೆಯೇ ಎಂದು ತಿಳಿಯಲು ಒಂದು ಸೀಮೆಸುಣ್ಣ ಸಾಕು! ಗಾಲಿಗೆ ಗುರುತು ಹಾಕಿ. ಸಾಮಾನು ಎತ್ತಿಕೊಂಡು ಖಾಲಿ ಓಡಿಸಿ 10 ಸುತ್ತಿನ ದೂರ ಗುರುತಿಸಿ. ಅದೇ ದೂರವನ್ನು ಕೆಲಸ ಮಾಡುತ್ತ ಕ್ರಮಿಸಿ ಎಣಿಸಿ. ಹನ್ನೊಂದೂವರೆ ಸುತ್ತಿನೊಳಗೆ ಮುಗಿದರೆ ಚಿಂತೆಯಿಲ್ಲ. ಹದಿಮೂರಾದರೆ ಡೀಸೆಲ್ ಎರೆಮಣ್ಣು ಕಲಸಲು ಹೋಗುತ್ತಿದೆ! ಹುಲ್ಲು ಕತ್ತರಿಸುವಂಥ ಹಗುರ ಕೆಲಸದ ಲೆಕ್ಕ ಬೇರೆ: ಅಲ್ಲಿ ಗಾಲಿಗೆ ಕಟ್ಟಿದ ಹೆಚ್ಚುವರಿ ಕಬ್ಬಿಣದ ಭಾರ ಸುಮ್ಮನೆ ಹೊರೆ. ಬಿಚ್ಚಿಡಬಹುದಾದರೆ ಬಿಚ್ಚಿಡಿ.

1900ರಲ್ಲಿ ಪ್ಯಾರಿಸ್‌ನ ಮಹಾಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಓಡಿದ್ದು ಯಾವುದರಿಂದ? ಶೇಂಗಾ ಎಣ್ಣೆಯಿಂದ! ನೋಡಿದ ಬಹಳಷ್ಟು ಜನಕ್ಕೆ ಅದು ಗೊತ್ತೇ ಆಗಲಿಲ್ಲವಂತೆ. ಈಗಿನ ಶೇಂಗಾ ಎಣ್ಣೆಯ ದರದಲ್ಲಿ ಈ ಪ್ರಯೋಗ ನಮಗೆ ಬೇಡ ಬಿಡಿ.

ಯೂರಿಯಾ ಚೀಲದಲ್ಲೂ ಇಂಧನ ಅಡಗಿದೆ! ಕಾರ್ಖಾನೆಯಲ್ಲಿ ಗೊಬ್ಬರದ ಒಂದು ಕಿಲೋ ಸಾರಜನಕ ತಯಾರಿಸಲು ಒಂದು ಲೀಟರ್ ಡೀಸೆಲ್‌ನಷ್ಟಾದರೂ ಶಕ್ತಿ ಬೇಕು. 2019ರಲ್ಲಿ ಜಿಐ ಪಟ್ಟ ಗಳಿಸಿದ ನಮ್ಮ ಕಲಬುರಗಿ ತೊಗರಿ ಅದೇ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಗಾಳಿಯಿಂದಲೇ ಹಿಡಿದುಕೊಳ್ಳುತ್ತದೆ. ಹೊಗೆಯಿಲ್ಲ, ಸದ್ದಿಲ್ಲ! ಮೇವಿನ ಹುಲ್ಲಿನ ನಡುವೆ ಬೇಲಿಮೆಂತ್ಯ, ಕುದುರೆಮೆಂತ್ಯ ಹಾಕಿದರೂ ಅದೇ ಲಾಭ.

ರಾಜ್ಯ ಸರ್ಕಾರ 2022–23ರ ಬಜೆಟ್ಟಿನಲ್ಲಿ ‘ರೈತ ಶಕ್ತಿ’ ಯೋಜನೆ ಪ್ರಕಟಿಸಿ ಡೀಸೆಲ್‌ಗೆಂದು ಎಕರೆಗೆ 250 ರೂಪಾಯಿ, ಐದು ಎಕರೆವರೆಗೆ ಎಂದಿತು. ರೇಸ್ ಇಳಿಸಿ ಉಳಿಸಿದ ಡೀಸೆಲ್‌ಗೆ ಎಕರೆ ಮಿತಿಯೂ ಇಲ್ಲ, ಅರ್ಜಿಯೂ ಬೇಡ!

ಚಹಾ ಕುಡಿಯಲು ಇಳಿದಾಗ ಟ್ರ್ಯಾಕ್ಟರ್ ಚಾಲೂ ಬಿಟ್ಟು ಹೋಗುತ್ತೀರಾ? ಸುಮ್ಮನೆ ನಿಂತ ಟ್ರ್ಯಾಕ್ಟರ್ ತಾಸಿಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ನಿಮ್ಮ ಚಹಾಕ್ಕಿಂತ ಅದರ ಚಹಾ ತುಟ್ಟಿ!

ಕೊನೆಗೊಂದು. ಡೀಸೆಲ್ ಪೈಪಿನಿಂದ ಸೆಕೆಂಡಿಗೆ ಒಂದೇ ಹನಿ ತೊಟ್ಟಿಕ್ಕುತ್ತಿದೆ ಎನ್ನಿ. ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿ ಲೀಟರ್ ಹಿಡಿದರೂ ಹಗಲೂ ರಾತ್ರಿ ಸೇರಿ ನಾಲ್ಕು ಲೀಟರ್ ದಾಟಿತು, ವರ್ಷಕ್ಕೆ 1,500 ಲೀಟರ್! ಓದಿದ್ದು ಸಾಕು, ಎದ್ದು ಹೋಗಿ ಒಮ್ಮೆ ಟ್ರ್ಯಾಕ್ಟರ್ ಕೆಳಗೆ ಬಗ್ಗಿ ನೋಡಿ ಬನ್ನಿ.